ನಿರಪರಾಧಿ ಅಂತ ಬಿಡುಗಡೆ ಆಯ್ತು, ಜೈಲಿನ ದಿನಗಳಿಗೆ ಪರಿಹಾರ ಕೇಳುವುದು ಹೇಗೆ?

ಖುಲಾಸೆ ಆದ ಮೇಲೆ ಸರ್ಕಾರವೇ ಮನೆಗೆ ದುಡ್ಡು ಕಳಿಸುತ್ತದೆ ಅಂತ ಸುಮ್ನೆ ಕೂರಬೇಡಿ. ಅಂಥ ಕಾನೂನು ನಮ್ಮಲ್ಲಿಲ್ಲ. ಇಂಥ ಕಾನೂನು ಬೇಕು, ಅದಕ್ಕೆಂದೇ ವಿಶೇಷ ಕೋರ್ಟುಗಳೂ ಬೇಕು ಎಂದು ಕಾನೂನು ಆಯೋಗ 2018ರಲ್ಲೇ ತನ್ನ 277ನೇ ವರದಿಯಲ್ಲಿ ಹೇಳಿತ್ತು. ಆಮೇಲೆ ಕ್ರಿಮಿನಲ್ ಕೇಸು ನಡೆಸುವ ವಿಧಾನದ ಹಳೆಯ ಕಾಯ್ದೆ ಸಿಆರ್‌ಪಿಸಿ ಹೋಗಿ ಹೊಸ ಕಾಯ್ದೆ ಬಿಎನ್‌ಎಸ್‌ಎಸ್ ಬಂದರೂ ಆ ಮಾತು ಅದರೊಳಗೆ ಸೇರಲಿಲ್ಲ. ವಿನಾಕಾರಣ ಬಂಧನ ಮಾಡಿಸಿದವರಿಂದ ಪರಿಹಾರ ಕೊಡಿಸುವ 399ನೇ ಸೆಕ್ಷನ್ ಈ ಹೊಸ ಕಾಯ್ದೆಯಲ್ಲಿದೆ ನಿಜ, ಅದರ ಮಿತಿ 1,000 ರೂಪಾಯಿ! ವಕೀಲರ ಆಫೀಸಿಗೆ ಓಡಾಡುವ ಖರ್ಚಿಗೂ ಸಾಲದು.

ಮೊದಲು ಕಾಗದ ಕೂಡಿಸಿ. ತೀರ್ಪಿನ ದೃಢೀಕೃತ ನಕಲು, ಎಫ್‌ಐಆರ್, ಚಾರ್ಜ್‌ಶೀಟ್, ಜಾಮೀನು ಆದೇಶ, ಎಷ್ಟು ದಿನ ಒಳಗಿದ್ದಿರಿ ಎಂಬುದಕ್ಕೆ ಜೈಲಿನಿಂದ ಪತ್ರ. ಕೆಲಸ ಹೋಗಿದ್ದಕ್ಕೆ, ಸಾಲ ಮಾಡಿದ್ದಕ್ಕೆ ಏನೇ ಚೀಟಿ ಇದ್ದರೂ ಇಟ್ಟುಕೊಳ್ಳಿ.

ಆಮೇಲೆ ತೀರ್ಪನ್ನು ಕೂತು ಓದಿ, ಗೊತ್ತಾಗದಿದ್ದರೆ ಓದಿಸಿಕೊಳ್ಳಿ. ತಪ್ಪು ಸಂಶಯವಿಲ್ಲದಂತೆ ಸಾಬೀತಾಗಲಿಲ್ಲ ಅಂತ ಬರೀ 'ಸಂಶಯದ ಲಾಭ' ಕೊಟ್ಟು ಬಿಟ್ಟಿದ್ದಾರೋ, ಪೊಲೀಸರು ಸಾಕ್ಷ್ಯ ಹುಟ್ಟಿಸಿದರು ಅಂತ ಜಡ್ಜ್ ಬರೆದಿದ್ದಾರೋ? ನಿಮ್ಮ ಕೇಸಿನ ಬಲವೆಲ್ಲ ಅಲ್ಲೇ ಇದೆ. ಗುಜರಾತಿನ ಅಕ್ಷರಧಾಮ ದೇವಸ್ಥಾನದ ಮೇಲಿನ ಉಗ್ರರ ದಾಳಿ ಪ್ರಕರಣದಲ್ಲಿ ಖುಲಾಸೆಯಾದವರು ಪರಿಹಾರ ಕೇಳಿದಾಗ ಸುಪ್ರೀಂ ಕೋರ್ಟ್ 2016ರಲ್ಲಿ ಒಪ್ಪಲಿಲ್ಲ. ಇಸ್ರೋ ವಿಜ್ಞಾನಿ ನಂಬಿ ನಾರಾಯಣನ್ ಅವರ 1994ರ ಬಂಧನ ಅನಗತ್ಯವಾಗಿತ್ತು ಎಂದು ಕಂಡ ಅದೇ ಕೋರ್ಟು 2018ರಲ್ಲಿ 50 ಲಕ್ಷ ಕೊಡಿಸಿತು. ನನ್ನ ಪ್ರಕಾರ ಇದು ಅನ್ಯಾಯ. ಜೈಲು ಇಬ್ಬರಿಗೂ ಜೈಲೇ ಅಲ್ವಾ? ಆದರೆ ಸದ್ಯಕ್ಕೆ ನಡೆಯುತ್ತಿರುವುದು ಹೀಗೆ.

ಜಾಸ್ತಿ ಜನ ಎಡವುವುದು ಗಡುವಿನಲ್ಲಿ. ಸಿವಿಲ್ ಕೋರ್ಟಿನಲ್ಲಿ ದಾವೆ ಹಾಕಲು ಇರುವುದು ಒಂದೇ ವರ್ಷ. ಅದರಲ್ಲೂ ಎರಡು ಲೆಕ್ಕ: ಅಕ್ರಮವಾಗಿ ಕೂಡಿಹಾಕಿದ್ದಕ್ಕೆ ಹಾಕುವ ದಾವೆಗೆ ಬಂಧನ ಮುಗಿದ ದಿನದಿಂದ ಎಣಿಕೆ, ದುರುದ್ದೇಶದಿಂದ ಕೇಸು ನಡೆಸಿದ್ದಕ್ಕೆ ಹಾಕುವುದಾದರೆ ಖುಲಾಸೆಯ ದಿನದಿಂದ. ಅಂದರೆ ಜಾಮೀನಿನ ಮೇಲೆ ಹೊರಗಿದ್ದು ಐದು ವರ್ಷದ ಮೇಲೆ ಖುಲಾಸೆಯಾದವರಿಗೆ ಮೊದಲನೆಯದರ ಗಡುವು ಎಂದೋ ಮುಗಿದಿರುತ್ತದೆ. ಸರ್ಕಾರದ ಮೇಲೆ ದಾವೆ ಹಾಕುವ ಮುಂಚೆ ಎರಡು ತಿಂಗಳ ನೋಟಿಸ್ ಬೇರೆ ಕೊಡಬೇಕು, ಆ ಎರಡು ತಿಂಗಳನ್ನು ಗಡುವಿನಿಂದ ಬಿಟ್ಟು ಲೆಕ್ಕ ಹಾಕುತ್ತಾರೆ.

ತಪ್ಪು ಕಣ್ಣಿಗೆ ಹೊಡೆಯುವಂತಿದ್ದರೆ ನೇರವಾಗಿ ಹೈಕೋರ್ಟಿಗೆ ರಿಟ್, ಅಂದರೆ ಸರ್ಕಾರ ಹಕ್ಕು ಕಸಿದುಕೊಂಡಿತು ಅಂತ ಕೊಡುವ ಅರ್ಜಿ, ಹಾಕಬಹುದು. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ, ಮೂರೂ ಕಡೆ ಪೀಠವಿದೆ. ಬಿಹಾರದಲ್ಲಿ 1968ರಲ್ಲೇ ಖುಲಾಸೆಯಾದರೂ 14 ವರ್ಷ ಜೈಲಲ್ಲೇ ಕೊಳೆತ ರುದುಲ್ ಸಾಹ್‌ಗೆ 1983ರಲ್ಲಿ ಪರಿಹಾರ ಸಿಕ್ಕಿದ್ದು ರಿಟ್‌ನಿಂದಲೇ. ಸಿಕ್ಕಿದ್ದು ಎಷ್ಟು ಅಂತೀರಿ? ಮೊದಲು ಕೊಟ್ಟಿದ್ದ 5,000ದ ಮೇಲೆ 30,000 ರೂಪಾಯಿ. ಜಾಮೀನು ಸಿಕ್ಕ ಮೇಲೂ ಬಿಡದೆ ಇಟ್ಟುಕೊಂಡಿದ್ದರೆ ರಿಟ್ ಇನ್ನೂ ಸಲೀಸು.

ರಾಜ್ಯ ಮಾನವ ಹಕ್ಕುಗಳ ಆಯೋಗಕ್ಕೆ ಬಿಳಿ ಹಾಳೆಯಲ್ಲಿ ಬರೆದುಕೊಟ್ಟರೂ ನಡೆಯುತ್ತದೆ, ಅಲ್ಲೂ ಒಂದು ವರ್ಷದೊಳಗೆ. ಆಯೋಗ ಶಿಫಾರಸು ಮಾಡುತ್ತದೆ ಅಷ್ಟೇ, ಕೋರ್ಟಿನ ಆದೇಶದ ತೂಕ ಅದಕ್ಕಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲವೇ? ಕೋರ್ಟಿನ ಆವರಣದಲ್ಲೇ ಇರುವ ಕಾನೂನು ಸೇವಾ ಪ್ರಾಧಿಕಾರದಲ್ಲಿ ಕೇಳಿ, ಅಥವಾ 15100ಕ್ಕೆ ಫೋನ್ ಮಾಡಿ. ಮಹಿಳೆಯರು, ಪರಿಶಿಷ್ಟ ಜಾತಿ, ಪಂಗಡದವರು ಮುಂತಾದವರಿಗೆ ಆದಾಯದ ಲೆಕ್ಕ ನೋಡದೆ ಉಚಿತವಾಗಿ ವಕೀಲರನ್ನು ಕೊಡುತ್ತಾರೆ, ಉಳಿದವರು ಆದಾಯ ಪ್ರಮಾಣಪತ್ರ ತೆಗೆದುಕೊಂಡು ಹೋಗಿ.