ಸ್ಪ್ರಿಂಗ್ ಗಟ್ಟಿಯಾದರೆ ಹಿಡಿತ ಬರುತ್ತದೆಯೇ? ಪೋಲೊ ಜಿಟಿ ಟಿಎಸ್‌ಐ ಸಸ್ಪೆನ್ಷನ್ ಹದಗೊಳಿಸುವ ಕ್ರಮ

ಫೋಕ್ಸ್‌ವ್ಯಾಗನ್ನಿನ ಪುಟ್ಟ ಚುರುಕು ಕಾರು ಪೋಲೊ ಜಿಟಿ ಟಿಎಸ್‌ಐ ಇಟ್ಟುಕೊಂಡವರು ಇಂಜಿನ್ ರೀಮ್ಯಾಪ್ (ಶಕ್ತಿ ಏರಿಸಲು ಇಂಜಿನ್ ಕಂಪ್ಯೂಟರಿನ ತಂತ್ರಾಂಶ ಬದಲಿಸುವುದು) ಮುಗಿಸಿದ ಮೇಲೆ ಸಾಮಾನ್ಯವಾಗಿ ಕೈಹಾಕುವುದು ಸ್ಪ್ರಿಂಗಿಗೆ. ಕಾರು ಎರಡು ಬೆರಳು ಕೆಳಗೆ ಕೂರುತ್ತದೆ, ತಿರುವಿನಲ್ಲಿ ವಾಲುವುದು ನಿಲ್ಲುತ್ತದೆ, ಸ್ಟಿಯರಿಂಗ್ ಚುರುಕೆನಿಸುತ್ತದೆ. ಅದೇ ಕಾರಿಗೆ ಚಾರ್ಮಾಡಿಯ ತಿರುವೊಂದರ ನಡುವೆ ತೇಪೆ ಹಾಕಿದ ಡಾಂಬರು ಸಿಕ್ಕರೆ ಮೂತಿ ಪಕ್ಕಕ್ಕೆ ಜಿಗಿಯುತ್ತದೆ. ವಾಲದಿರುವುದು ಬೇರೆ, ಹಿಡಿತ ಬೇರೆ.

ಒಂದೊಂದು ಟೈರ್ ನೆಲಕ್ಕೆ ತಾಗುವುದು ಹೆಚ್ಚೂಕಡಿಮೆ ಒಂದು ಅಂಗೈಯಷ್ಟು ಜಾಗದಲ್ಲಿ. ಆ ಜಾಗದ ಮೇಲಿನ ಭಾರ ಏರಿಳಿಯದೆ ಇದ್ದಷ್ಟೂ ರಬ್ಬರ್ ಕಚ್ಚಿ ಹಿಡಿಯುತ್ತದೆ. ಭಾರ ಎರಡರಷ್ಟಾದರೆ ಹಿಡಿತ ಎರಡರಷ್ಟಾಗುವುದಿಲ್ಲ, ಅದಕ್ಕಿಂತ ಕಡಿಮೆಯೇ ಏರುತ್ತದೆ. ಹಾಗಾಗಿ ಉಬ್ಬಿನ ಮೇಲೆ ಒಂದು ಕ್ಷಣ ಅತಿಭಾರ, ಮರುಕ್ಷಣ ಭಾರವೇ ಇಲ್ಲ ಎಂಬಂತಾದರೆ ಒಟ್ಟು ಲೆಕ್ಕದಲ್ಲಿ ನಷ್ಟವೇ.

ಮೊದಲು ಸವೆದದ್ದು ಬದಲಿಸಿ. 60–70 ಸಾವಿರ ಕಿ.ಮೀ. ಓಡಿದ ಕಾರಾದರೆ ಸ್ಪ್ರಿಂಗಿನ ಕುಣಿತ ತಡೆಯುವ ಶಾಕ್ಸ್‌ನಿಂದ ಎಣ್ಣೆ ಜಿನುಗಿದೆಯೇ, ಲೋವರ್ ಆರ್ಮ್‌ನ (ಚಕ್ರವನ್ನು ಕಾರಿನ ತಳಕ್ಕೆ ಸೇರಿಸುವ ತೋಳು) ಹಿಂಬದಿ ಬುಷ್ (ರಬ್ಬರ್ ಕೀಲು) ಬಿರುಕು ಬಿಟ್ಟಿದೆಯೇ, ಅದರ ಹೊರತುದಿಯ ಬಾಲ್ ಜಾಯಿಂಟ್ ಅಲ್ಲಾಡುತ್ತದೆಯೇ, ಸ್ಟಿಯರಿಂಗ್ ತಿರುಗಿಸಿದಾಗ ಶಾಕ್ಸ್‌ನ ತಲೆಯನ್ನು ಕಾರಿಗೆ ಹಿಡಿದಿಡುವ ಟಾಪ್ ಮೌಂಟ್ ‘ಟಕ್’ ಎನ್ನುತ್ತದೆಯೇ ನೋಡಿ. ಬುಷ್ ಹರಿದಿದ್ದರೆ ಮೇಲೆ ಯಾವ ಸ್ಪ್ರಿಂಗ್ ಕೂರಿಸಿದರೂ ದುಡ್ಡು ದಂಡ.

ಆಮೇಲೆ ಟೈರ್. ಮೊದಲ ಖರ್ಚು ಇದಕ್ಕೇ ಹೋಗಲಿ. 16 ಇಂಚಿನ ಚಕ್ರ ಇರುವ ಜಿಟಿಗೆ 195/55 ಅಳತೆ (195 ಮಿ.ಮೀ. ಅಗಲ, ಪಕ್ಕದ ಗೋಡೆ ಅದರ ಶೇ 55) ಸರಿಯಾಗಿಯೇ ಇದೆ. ಅದೇ ಅಳತೆಯಲ್ಲಿ ಮೆದು ರಬ್ಬರಿನ ಒಳ್ಳೆಯ ಟೈರ್ ಹಾಕಿದರೂ ವ್ಯತ್ಯಾಸ ಮೊದಲ ತಿರುವಿನಲ್ಲೇ ಗೊತ್ತಾಗುತ್ತದೆ. 205/55 ಹಾಕಿದರೆ ವ್ಯಾಸ 621 ಮಿ.ಮೀ.ನಿಂದ 632ಕ್ಕೆ ಏರುತ್ತದೆ, ಸುಮಾರು ಶೇ 1.8. ಸ್ಪೀಡೋಮೀಟರ್ ಅಷ್ಟು ಕಡಿಮೆ ತೋರಿಸುತ್ತದೆ. 17 ಇಂಚಿನಲ್ಲಿ 205/45 ನೋಡಲು ಚೆಂದ, ಆದರೆ ಪಕ್ಕದ ಗೋಡೆ ಬರೀ 92 ಮಿ.ಮೀ. ನಮ್ಮ ಗುಂಡಿಗಳಲ್ಲಿ ರಿಮ್ ಬಾಗಲು ಇನ್ನೇನು ಬೇಕು? ಕೊಳ್ಳುವಾಗ ಟೈರ್ ಪಕ್ಕದಲ್ಲಿ ನಾಲ್ಕಂಕಿಯ ಸಂಖ್ಯೆ ಓದಿ: 1824 ಎಂದಿದ್ದರೆ 2024ರ 18ನೇ ವಾರದ ಮಾಲು. ಚಕ್ರದ ಬೋಲ್ಟುಗಳಿಗೆ 120 ನ್ಯೂಟನ್ ಮೀಟರ್ ಬಿಗಿ ಸಾಕು.

ಗಾಳಿಯ ಲೆಕ್ಕಕ್ಕೆ ಸೀಮೆಸುಣ್ಣ. ಬೆಳಿಗ್ಗೆ ಕಾರು ಹೊರಡುವ ಮುನ್ನ ನಾಲ್ಕಕ್ಕೂ 33 ಪಿಎಸ್‌ಐ ತುಂಬಿ. ಮುಂದಿನ ಟೈರ್‌ಗಳ ಅಂಚಿನಿಂದ ಪಕ್ಕದ ಗೋಡೆಯವರೆಗೆ ಮೂರು ಕಡೆ ಸೀಮೆಸುಣ್ಣದ ದಪ್ಪ ಗೆರೆ ಎಳೆಯಿರಿ. ಖಾಲಿ ರಸ್ತೆಯ ಏಳೆಂಟು ತಿರುವುಗಳಲ್ಲಿ, ವೇಗದ ಮಿತಿಯೊಳಗೇ, ಓಡಿಸಿ ಬಂದು ನೋಡಿ. ಭುಜದ ಬಳಿ ಚಿಕ್ಕ ತ್ರಿಕೋನದ ಗುರುತಿರುತ್ತದೆ. ಅದನ್ನೂ ದಾಟಿ ಸುಣ್ಣ ಅಳಿಸಿದ್ದರೆ ಟೈರ್ ಮಗುಚಿಕೊಳ್ಳುತ್ತಿದೆ, 2 ಪಿಎಸ್‌ಐ ಏರಿಸಿ. ಗುರುತಿಗೆ ಬಹಳ ಮೊದಲೇ ನಿಂತಿದ್ದರೆ ಒಂದೊಂದೇ ಪಿಎಸ್‌ಐ ಇಳಿಸಬಹುದು, ಕಾರಿಗೆ ಅಂಟಿಸಿದ ಗಾಳಿಯ ಪಟ್ಟಿಯಲ್ಲಿ ಬರೆದದ್ದಕ್ಕಿಂತ ಕೆಳಗೆ ಮಾತ್ರ ಬೇಡ. ಟೈರ್ 5–6 ಡಿಗ್ರಿ ಕಾದರೆ ಒಂದು ಪಿಎಸ್‌ಐ ಏರುತ್ತದೆ. ಬಿಸಿ ಟೈರಿನಿಂದ ಗಾಳಿ ಬಿಟ್ಟು ಮರುದಿನ ಬೆಳಿಗ್ಗೆ ಪೇಚಾಡಬೇಡಿ.

ಈಗ ಸ್ಪ್ರಿಂಗ್. ಚಾಲಕನನ್ನೂ ಸೇರಿಸಿ, ಚಕ್ರ ಬ್ರೇಕುಗಳ ತೂಕ ಕಳೆದು, ಮುಂದಿನ ಒಂದು ಮೂಲೆಯ ಮೇಲೆ ಸುಮಾರು 320 ಕೆ.ಜಿ. ಇದೆ ಎಂದಿಟ್ಟುಕೊಳ್ಳಿ. ಆ ಮೂಲೆ ಸೆಕೆಂಡಿಗೆ 1.5 ಸಲ ಮೇಲೆ ಕೆಳಗೆ ತೂಗಾಡುವಂತಿರಬೇಕಾದರೆ ಚಕ್ರದ ಬಳಿ ಮಿ.ಮೀ.ಗೆ 2.9 ಕೆ.ಜಿ. ಗಡಸು (ಒಂದು ಮಿ.ಮೀ. ಅದುಮಲು ಬೇಕಾದ ಭಾರ) ಸಾಕು. 1.8 ಸಲಕ್ಕೆ 4.2 ಕೆ.ಜಿ. ಬೇಕು, 2.2 ಸಲಕ್ಕೆ 6.2. ಮಾರುಕಟ್ಟೆಯ ಎಷ್ಟೋ ಕಾಯಿಲೋವರ್ ಸೆಟ್ಟುಗಳಲ್ಲಿ (ಎತ್ತರ ಹೊಂದಿಸಬಹುದಾದ ಸ್ಪ್ರಿಂಗ್–ಶಾಕ್ಸ್ ಜೋಡಿ) ಮುಂದೆ 6 ಕೆ.ಜಿ. ಸ್ಪ್ರಿಂಗ್ ಬರುತ್ತದೆ. ಕೊಯಮತ್ತೂರಿನ ರೇಸ್ ಟ್ರ್ಯಾಕ್ ಕರಿ ಮೋಟಾರ್ ಸ್ಪೀಡ್‌ವೇಗೆ ಅದು ಸರಿ. ದಿನಾ ಓಡಿಸುವ ಕಾರಿಗೆ 3.5ರಿಂದ 4ರ ಒಳಗೇ ಇರಿ.

ಸ್ಪ್ರಿಂಗ್ ಮಾತ್ರ ಬದಲಿಸಿ ಹಳೆಯ ಶಾಕ್ಸ್ ಉಳಿಸಿಕೊಳ್ಳುವುದೇ ಇಲ್ಲಿ ನಡೆಯುವ ದೊಡ್ಡ ತಪ್ಪು. ಸ್ಪ್ರಿಂಗ್ ಎರಡರಷ್ಟು ಗಡಸಾದರೆ ಅದನ್ನು ಅಷ್ಟೇ ಹತೋಟಿಯಲ್ಲಿಡಲು ಶಾಕ್ಸ್‌ಗೆ 1.4 ಪಟ್ಟು ಶಕ್ತಿ ಬೇಕು. ಇಲ್ಲದಿದ್ದರೆ ಉಬ್ಬು ದಾಟಿದ ಮೇಲೂ ಕಾರು ಕುಣಿಯುತ್ತಲೇ ಇರುತ್ತದೆ.

ಇಳಿಸುವುದು 25 ಮಿ.ಮೀ. ಮೀರದಿರಲಿ. ಮುಂದೆ ಇರುವ ಮ್ಯಾಕ್‌ಫರ್ಸನ್ ಸ್ಟ್ರಟ್‌ನಲ್ಲಿ (ಸ್ಪ್ರಿಂಗ್, ಶಾಕ್ಸ್ ಒಂದೇ ಕಂಬವಾಗಿರುವ ಜೋಡಣೆ) ಕಾರು ಇಳಿದಾಗ ರೋಲ್ ಸೆಂಟರ್ (ಕಾರು ಯಾವ ಬಿಂದುವಿನ ಸುತ್ತ ವಾಲುತ್ತದೋ ಅದು) ಅದಕ್ಕಿಂತ ಹೆಚ್ಚು ಇಳಿಯುತ್ತದೆ, ಕಾರಿಗೆ ವಾಲುವ ಚಪಲ ಹೆಚ್ಚುತ್ತದೆ. ಗಟ್ಟಿ ಸ್ಪ್ರಿಂಗ್ ಅದನ್ನು ಮುಚ್ಚಿಡುತ್ತದೆ ಅಷ್ಟೆ. ಲೋವರ್ ಆರ್ಮ್‌ನ ಹೊರತುದಿ ಒಳತುದಿಗಿಂತ ಮೇಲೆ ನಿಂತಿದ್ದರೆ ಅತಿಯಾಯಿತು ಎಂದರ್ಥ. ನಿಯಮದ ಪ್ರಕಾರ ಹಂಪ್ 10 ಸೆಂ.ಮೀ. ಎತ್ತರ, 3.7 ಮೀಟರ್ ಅಗಲ ಇರಬೇಕು. ಬಡಾವಣೆಗಳಲ್ಲಿ ರಾತ್ರೋರಾತ್ರಿ ಏಳುವ ಹಂಪುಗಳಿಗೆ ಈ ಲೆಕ್ಕ ಯಾರು ಹೇಳಬೇಕು!

ಸ್ಟ್ರಟ್ಟಿನ ರಾಡ್ ಮೇಲೆ ಒಂದು ಝಿಪ್ ಟೈ ಬಿಗಿದು ಕೆಳಕ್ಕೆ ದೂಡಿಡಿ. ದಿನವಿಡೀ ಓಡಿಸಿ ಬಂದ ಮೇಲೆ ಅದು ಎಲ್ಲಿಗೆ ಸರಿದಿದೆ ನೋಡಿ. ರಾಡಿನ ಮೇಲ್ತುದಿಯ ರಬ್ಬರ್ ತಡೆಗೇ, ಅಂದರೆ ಬಂಪ್ ಸ್ಟಾಪಿಗೇ, ಒತ್ತಿಕೊಂಡಿದ್ದರೆ ಸ್ಪ್ರಿಂಗ್ ಮೆದುವಾಯಿತು ಅಥವಾ ಕಾರು ತೀರಾ ಇಳಿಯಿತು. ತಿರುವಿನಲ್ಲಿ ಬಂಪ್ ಸ್ಟಾಪ್ ತಾಗಿದ ಕ್ಷಣ ಸ್ಪ್ರಿಂಗ್ ಕಲ್ಲಾಗುತ್ತದೆ, ಆ ಕಡೆಯ ಟೈರ್ ಜಾರುತ್ತದೆ.

ಜೋಡಿಸುವಾಗ. ಪೋಲೊದಲ್ಲಿ ಸ್ಟ್ರಟ್ಟನ್ನು ಹಬ್ಬಿನ (ಚಕ್ರ ಕೂರುವ ಲೋಹದ ಭಾಗ) ಬಾಯಿ ಕಚ್ಚಿ ಹಿಡಿದಿರುತ್ತದೆ. ಅದಕ್ಕೆಂದೇ ಇರುವ ಸ್ಪ್ರೆಡರ್ ಸಾಕೆಟ್‌ನಿಂದ ಬಾಯಿ ಅಗಲಿಸಿ ಇಳಿಸಬೇಕು. ಸುತ್ತಿಗೆಯಿಂದ ಹೊಡೆದರೆ ಹಬ್ಬಿಗೆ ಪೆಟ್ಟು. ಆ ಬೋಲ್ಟ್ ಮತ್ತು ನಟ್ಟು ಹೊಸದೇ ಹಾಕಿ. ಬುಷ್ ಇರುವ ಯಾವುದೇ ಬೋಲ್ಟ್ ಸಡಿಲಿಸಿದ್ದರೆ ಕಾರು ಚಕ್ರಗಳ ಮೇಲೆ ನಿಂತ ಮೇಲೆಯೇ ಕೊನೆಯ ಬಿಗಿ ಕೊಡಿ. ಜಾಕ್ ಮೇಲೆ ತೂಗುತ್ತಿರುವಾಗ ಬಿಗಿದರೆ ಕಾರು ಇಳಿಸಿದೊಡನೆ ರಬ್ಬರ್ ತಿರುಚಿಕೊಂಡು ಕೆಲವೇ ತಿಂಗಳಲ್ಲಿ ಹರಿಯುತ್ತದೆ.

ಸ್ಟ್ರಟ್ಟಿನ ಬುಡ ಹೀಗಿರುವುದರಿಂದ ಅಲ್ಲಿ ಕ್ಯಾಂಬರ್ (ಎದುರಿನಿಂದ ನೋಡಿದಾಗ ಚಕ್ರದ ವಾಲು) ಹೊಂದಿಸಲು ಜಾಗವಿಲ್ಲ. ಮೇಲೆ ಕ್ಯಾಂಬರ್ ಪ್ಲೇಟ್ ಬೇಕು. ಲೋಹದ ಬೇರಿಂಗಿನ ಪ್ಲೇಟ್‌ಗಳು ಧೂಳು ತಿಂದು ಗಲಗಲ ಎನ್ನುತ್ತವೆ, ರಬ್ಬರ್ ಇರುವುದನ್ನೇ ಆರಿಸಿ. ಮುಂದೆ ಕ್ಯಾಂಬರ್ ಮೈನಸ್ 1.5 ಡಿಗ್ರಿ (ಚಕ್ರದ ತಲೆ ಒಳಕ್ಕೆ), ಟೋ (ಮೇಲಿನಿಂದ ನೋಡಿದಾಗ ಚಕ್ರಗಳ ಮೂತಿ ಒಳಕ್ಕೋ ಹೊರಕ್ಕೋ ತಿರುಗಿರುವುದು) ಸೊನ್ನೆ. ಟೋ ಹೊರಗೆ ಹೋದರೆ ಒಳ ಅಂಚು ಬೇಗ ಸವೆದು ದಾರ ಕಾಣುತ್ತದೆ.

ಹಿಂಭಾಗ. ಹಿಂದಿನ ಎರಡೂ ಚಕ್ರಗಳನ್ನು ಸೇರಿಸುವ ತೊಲೆ ತಾನೇ ತಿರುಚಿಕೊಂಡು ಆಂಟಿ ರೋಲ್ ಬಾರ್ (ವಾಲುವುದನ್ನು ತಡೆಯುವ ಸರಳು) ಕೆಲಸ ಮಾಡುತ್ತದೆ. ಹಿಂದೆ ಗಡಸು ಹೆಚ್ಚಿಸಿದರೆ ಮೂತಿ ಹೊರಗೆ ಜಾರುವುದು ಕಡಿಮೆಯಾಗುತ್ತದೆ, ನಿಜ. ಅದೇ ಕಾರು ಒದ್ದೆ ಕಾಂಕ್ರೀಟ್ ರಸ್ತೆಯ ತಿರುವಿನಲ್ಲಿ ಆಕ್ಸಿಲರೇಟರ್ ಬಿಟ್ಟೊಡನೆ ಬಾಲ ಬೀಸುತ್ತದೆ. ಹಿಂದಿನ ಬಾರ್ ಹಾಕುವುದಿದ್ದರೆ ಒಂದು ಮಳೆಗಾಲ ಅದಿಲ್ಲದೆ ಓಡಿಸಿ ನೋಡಿ.

ಶಾಕ್ಸ್‌ಗೆ ಗಡಸು ಹೊಂದಿಸುವ ಕ್ಲಿಕ್ ತಿರುಪು ಇದ್ದರೆ ಪೂರ್ತಿ ಮೆದುವಿನಿಂದ ಶುರುಮಾಡಿ, ಒಂದೇ ರಸ್ತೆಯಲ್ಲಿ ಎರಡೆರಡು ಕ್ಲಿಕ್ ಏರಿಸುತ್ತ ಹೋಗಿ. ತೇಲಾಟ ನಿಂತ ಕಡೆ ನಿಲ್ಲಿಸಿ. ಸಣ್ಣ ಉಬ್ಬಿಗೂ ಟೈರ್ ಚಟಪಟ ಎಂದರೆ ಎರಡು ಹಿಂದಕ್ಕೆ. 500 ಕಿ.ಮೀ. ಆದ ಮೇಲೆ ಹೊಸ ಸ್ಪ್ರಿಂಗ್ ಕೆಲವು ಮಿ.ಮೀ. ಕುಳಿತಿರುತ್ತದೆ, ಆಗ ಅಲೈನ್‌ಮೆಂಟ್ ಇನ್ನೊಮ್ಮೆ ಮಾಡಿಸಿ. ಮಾಡಿದ ಬದಲಾವಣೆಗಳನ್ನು ವಿಮಾ ಕಂಪನಿಗೆ ಬರಹದಲ್ಲಿ ತಿಳಿಸಿಡಿ.