ನೆರಳಿನ ಮರವೋ, ನಿಂಬೆ ಗಿಡವೋ?

ಅಂಗಳದಲ್ಲಿ ಒಂದೇ ಗಿಡಕ್ಕೆ ಜಾಗವಿದ್ದರೆ ಮೊದಲು ಅಳತೆ ಟೇಪು ಹಿಡಿಯಿರಿ. ಹೊಂಗೆ, ಬೇವಿನಂಥ ಮರವನ್ನು ಗೋಡೆಯಿಂದ 6 ಮೀಟರ್ ಆದರೂ ದೂರ ನೆಡಬೇಕು. ಪಡುವಣಕ್ಕಿದ್ದರೆ ಇಳಿಹೊತ್ತಿನ ಬಿಸಿಲು ತಡೆಯುತ್ತದೆ. ನಿಂಬೆ, ಮೂಸಂಬಿಗೆ 3–4 ಮೀಟರ್ ಸಾಕು, ಆದರೆ ದಿನಕ್ಕೆ 6 ಗಂಟೆ ನೇರ ಬಿಸಿಲು ಬೀಳಲೇಬೇಕು. ಎರಡೂ ಇರಲಿ ಅಂತ ಮರದಡಿಯೇ ನಿಂಬೆ ನೆಡಬೇಡಿ. ಬೆಳಕು ಹುಡುಕಿ ಗಿಡ ಸಣಕಲಾಗಿ ಉದ್ದಕ್ಕೆ ಹೋಗುತ್ತದೆ, ಹೂವೂ ಕಡಿಮೆ, ಹಾಕಿದ ನೀರು-ಗೊಬ್ಬರವೆಲ್ಲ ಮರದ ಬೇರಿಗೆ.

ನೆರಳಿನ ಮರಕ್ಕೆ ಮೊದಲೆರಡು ವರ್ಷ ನೀರುಣಿಸಿದರೆ ಆಮೇಲೆ ತನ್ನ ಪಾಡಿಗೆ ಬೆಳೆದುಕೊಳ್ಳುತ್ತದೆ. ನಿಂಬೆಗೆ ಉಪಚಾರ ಜಾಸ್ತಿ. ಕಸಿ ಗಂಟು, ಅಂದರೆ ಕೆಳಗಿನ ಬೇರುಗಿಡಕ್ಕೆ ನಿಂಬೆಯನ್ನು ಕೂಡಿಸಿದ ಜಾಗ, ಮಣ್ಣಿನಿಂದ 15 ಸೆಂ.ಮೀ. ಮೇಲಿರಲಿ. ಗಂಟಿನ ಕೆಳಗೆ ಒಡೆದ ಚಿಗುರನ್ನು ಎಳೆಯದಾಗಿರುವಾಗಲೇ ಚಿವುಟಿ. ಬಿಟ್ಟರೆ ಬೇರುಗಿಡವೇ ಮೇಲುಗೈಯಾಗಿ ಕಸಿ ಸೊರಗುತ್ತದೆ. ಕಾಂಡಕ್ಕೆ ತಾಗಿ ನೀರು ನಿಂತರೆ ತೊಗಟೆ ಬಿರಿದು ಜೇನುಬಣ್ಣದ ಅಂಟು ಒಸರುತ್ತದೆ, ಅದು ಬುಡಕೊಳೆಯ ಗುರುತು. ಹಾಗಾಗಿ ಕಾಂಡದ ಸುತ್ತ 30 ಸೆಂ.ಮೀ. ಅಗಲಕ್ಕೆ, ಕಸಿ ಗಂಟು ಮುಚ್ಚದಂತೆ ಮಣ್ಣು ಏರಿಸಿ, ಅದರಾಚೆ ಉಂಗುರದಂಥ ಪಾತಿ ಮಾಡಿ. ಬೇರು ಮೇಲ್ಮಣ್ಣಲ್ಲೇ ಹರಡಿರುವುದರಿಂದ ಬುಡ ಆಳವಾಗಿ ಅಗೆಯುವುದೂ ಬೇಡ. ಒಣ ಎಲೆ ಹೊದಿಸಿ, ಅದೂ ಕಾಂಡಕ್ಕೆ ತಾಗದಂತೆ.