ನೂರು ಲೀಟರಿನ ಕೊಳ: ಬಂದದ್ದೆಷ್ಟು, ಹೋದದ್ದೆಷ್ಟು

ಕೊಳದ ನೀರನ್ನು ಯಾರೂ ಬದಲಿಸುವುದಿಲ್ಲ, ಆದರೂ ಅಲ್ಲಿ ಮೀನು ಬದುಕುತ್ತವೆ. ಹಾಗಿದ್ದರೆ ಅಕ್ವೇರಿಯಂ ನೀರನ್ನು ಮಾತ್ರ ವಾರವಾರ ಬದಲಿಸಬೇಕು ಏಕೆ? ಟ್ಯಾಂಕ್ ಇಟ್ಟವರೆಲ್ಲ ಒಂದಲ್ಲ ಒಂದು ದಿನ ಕೇಳುವ ಪ್ರಶ್ನೆ ಇದು. ನಾನು ಟ್ಯಾಂಕ್ ಕಟ್ಟುವ ಮತ್ತು ನೋಡಿಕೊಳ್ಳುವ ಕ್ರಮವೆಲ್ಲ ಇದರ ಉತ್ತರದ ಮೇಲೆಯೇ ನಿಂತಿದೆ.

ಕೊಳದಿಂದ ಹೊರಹೋಗಲು ದಾರಿಗಳು ಹಲವು. ಕೆಸರಿನಲ್ಲಿ ಕೆಲವೇ ಮಿಲಿಮೀಟರ್ ಕೆಳಗಿಳಿದರೆ ಆಮ್ಲಜನಕ ಇರುವುದಿಲ್ಲ. ಅಲ್ಲಿನ ಬ್ಯಾಕ್ಟೀರಿಯಾ ಮೀನಿನ ತ್ಯಾಜ್ಯದಿಂದ ಕೊನೆಗೆ ಹುಟ್ಟುವ ನೈಟ್ರೇಟನ್ನು ಒಡೆದು ಸಾರಜನಕ ಅನಿಲವಾಗಿ ಗಾಳಿಗೆ ಬಿಡುತ್ತವೆ. ನೀರಲ್ಲಿ ಬೆಳೆದ ಸೊಳ್ಳೆ, ಏರೋಪ್ಲೇನ್ ಚಿಟ್ಟೆಗಳು ರೆಕ್ಕೆ ಬಂದೊಡನೆ ಹಾರಿಹೋಗುತ್ತವೆ. ಮಿಂಚುಳ್ಳಿ ಮೀನನ್ನು ಹೊತ್ತೊಯ್ಯುತ್ತದೆ, ಮಳೆ ಜೋರಾದರೆ ಕೋಡಿ ಹರಿಯುತ್ತದೆ, ಉಳಿದದ್ದು ಹೂಳಾಗಿ ತಳ ಸೇರುತ್ತದೆ. ಒಳಬರುವ ಆಹಾರವೂ ಬಹುಪಾಲು ಅಲ್ಲೇ ಹುಟ್ಟಿದ್ದು: ಬಿಸಿಲು, ಪಾಚಿ, ಪಾಚಿ ತಿನ್ನುವ ಡಾಫ್ನಿಯಾ ಎಂಬ ಪುಟ್ಟ ಜಲಜೀವಿ, ಅದನ್ನು ತಿನ್ನುವ ಮೀನು. ಒಂದೊಂದು ಮೆಟ್ಟಿಲಿಗೂ ಸುಮಾರು ಹತ್ತನೇ ಒಂದು ಭಾಗದಷ್ಟು ಶಕ್ತಿ ಮಾತ್ರ ಮೇಲೇರುವುದರಿಂದ ಎಷ್ಟು ಮೀನು ಇರಬಹುದೆಂಬುದನ್ನು ಕೊಳವೇ ನಿರ್ಧರಿಸುತ್ತದೆ.

ಟ್ಯಾಂಕಿನಲ್ಲಿ ಇದು ತಲೆಕೆಳಗು. ಮೀನಿನ ಕೆಳಗಿರಬೇಕಾದ ಮೆಟ್ಟಿಲುಗಳೆಲ್ಲ ಆಹಾರದ ಡಬ್ಬಿಯಲ್ಲಿವೆ, ಅಂದರೆ ಯಾವುದೋ ಸಮುದ್ರದಲ್ಲಿ, ಯಾವುದೋ ಹೊಲದಲ್ಲಿ. ಹೊರಗಿನಿಂದ ಬಂದದ್ದು ಒಳಗೇ ಉಳಿಯುತ್ತದೆ. ಹೊರಹಾಕುವ ಕೆಲಸ ಸಾಕುವವರದು, ಎಷ್ಟು ಹೊರಹಾಕಬೇಕೆಂಬುದು ಲೆಕ್ಕ ಹಾಕಿದರೆ ಸಿಗುತ್ತದೆ.

ಸಾರಜನಕದ ಲೆಕ್ಕ

100 ಲೀಟರ್ ನೀರು, ಒಟ್ಟು 25 ಗ್ರಾಂ ತೂಗುವ ಸಣ್ಣ ಮೀನುಗಳು, ದಿನಕ್ಕೆ ಅರ್ಧ ಗ್ರಾಂ ಒಣ ಆಹಾರ (ಮೀನಿನ ತೂಕದ ಶೇ. 2) ಎಂದಿಟ್ಟುಕೊಳ್ಳಿ. ಆಹಾರದಲ್ಲಿ ಶೇ. 40 ಪ್ರೋಟೀನ್, ಪ್ರೋಟೀನಿನ ಶೇ. 16 ಸಾರಜನಕ. ಅಂದರೆ ದಿನಕ್ಕೆ 32 ಮಿಲಿಗ್ರಾಂ ಸಾರಜನಕ ನೀರಿಗಿಳಿಯುತ್ತದೆ. ಮೀನಿನ ಮೈಗೆ ಹತ್ತುವುದು ಕಾಲುಭಾಗ ಚಿಲ್ಲರೆ. ಉಳಿದ ಸುಮಾರು 23 ಮಿಲಿಗ್ರಾಂ ನೀರಿಗೆ ಮರಳುತ್ತದೆ, ಅದರಲ್ಲಿ ಹೆಚ್ಚಿನ ಪಾಲು ಕಿವಿರಿನಿಂದ ನೇರವಾಗಿ ಅಮೋನಿಯಾ ರೂಪದಲ್ಲಿ. ಅಷ್ಟೂ ಕೊನೆಗೆ ನೈಟ್ರೇಟ್ ಆದರೆ, ಆಮ್ಲಜನಕ ಸೇರಿ ತೂಕ ಸುಮಾರು 4.4 ಪಟ್ಟಾಗುವುದರಿಂದ, ಲೀಟರಿಗೆ ದಿನಕ್ಕೆ 1 ಮಿಲಿಗ್ರಾಂ, ವಾರಕ್ಕೆ 7.

ವಾರಕ್ಕೊಮ್ಮೆ ಶೇ. 30 ನೀರು ಬದಲಿಸಿದರೆ ನೈಟ್ರೇಟ್ 16ರಿಂದ 23ರ ನಡುವೆ ಏರಿಳಿಯುತ್ತ ನಿಲ್ಲುತ್ತದೆ. ಶೇ. 10 ಮಾತ್ರ ಬದಲಿಸಿದರೆ 63ರಿಂದ 70ರವರೆಗೆ ಹೋಗಿ ನಿಲ್ಲುತ್ತದೆ. ಹೊಸ ನೀರಲ್ಲಿ ನೈಟ್ರೇಟ್ ಇಲ್ಲದಿದ್ದರೆ ಈ ಲೆಕ್ಕ. ಇದ್ದರೆ ಅಷ್ಟನ್ನೂ ಕೂಡಿಸಿ. ಬೋರ್‌ವೆಲ್ ನೀರಾದರೆ ಮೊದಲು ಅದನ್ನೇ ಪರೀಕ್ಷಿಸುವುದು ಒಳ್ಳೆಯದು.

ಇನ್ನೊಂದು ಬಾಗಿಲು ಗಿಡ. ಬೇಗ ಬೆಳೆಯುವ ಜಲಸಸ್ಯದಲ್ಲಿ ನೀರು ಕಳೆದರೆ ಉಳಿಯುವ ಒಣತೂಕ ಶೇ. 8ರ ಆಸುಪಾಸು, ಅದರಲ್ಲಿ ಸಾರಜನಕ ಸುಮಾರು ಶೇ. 3. ಹಾಗಾಗಿ ವಾರಕ್ಕೆ 65 ಗ್ರಾಂ ಹಸಿ ಗಿಡ ಕತ್ತರಿಸಿ ತೆಗೆದರೆ ಸುಮಾರು 155 ಮಿಲಿಗ್ರಾಂ ಸಾರಜನಕ ಹೊರಹೋಯಿತು. ಮೇಲಿನ ಟ್ಯಾಂಕಿನ ಒಂದು ವಾರದ ಹುಟ್ಟುವಳಿಯೂ ಹೆಚ್ಚುಕಡಿಮೆ ಅಷ್ಟೇ. ಹಾರ್ನ್‌ವರ್ಟ್, ಹೈಡ್ರಿಲ್ಲಾ ಅಥವಾ ಮೇಲೆ ತೇಲುವ ಅಂತರಗಂಗೆ ಇದ್ದರೆ ಇದು ಸಾಧ್ಯ. ನಿಧಾನಕ್ಕೆ ಬೆಳೆಯುವ ಅನೂಬಿಯಾಸ್, ಜಾವಾ ಫರ್ನ್ ನೋಡಲು ಚೆಂದ, ಈ ಕೆಲಸಕ್ಕೆ ಬಾರವು. ಗಿಡ ಬೆಳೆದರೆ ಸಾಲದು, ಕತ್ತರಿಸಿದ್ದು ಹೊರಗೆ ಬರಬೇಕು. ಒಳಗೇ ಕೊಳೆತರೆ ಹೀರಿದ್ದೆಲ್ಲ ಮತ್ತೆ ನೀರಿಗೆ. ಕತ್ತರಿಸಿದ ಗಿಡವನ್ನು ಗೊಬ್ಬರದ ಗುಂಡಿಗೆ ಹಾಕುತ್ತೇನೆ. ಕೆರೆಗೋ ಚರಂಡಿಗೋ ಎಸೆಯಲೇಬಾರದು. ಒಂದು ತುಂಡು ಹೈಡ್ರಿಲ್ಲಾ ಸಾಕು, ಹೊಸ ಜಾಗದಲ್ಲಿ ಬೇರೂರಿ ಹಬ್ಬಲು.

ರಂಜಕಕ್ಕೆ ಮಾತ್ರ ಅನಿಲವಾಗಿ ಹೋಗುವ ದಾರಿ ಇಲ್ಲ. ಕತ್ತರಿಸಿದ ಗಿಡ, ಬದಲಿಸಿದ ನೀರು, ಸೈಫನ್ ಮಾಡಿದ ಕೆಸರು, ಇಷ್ಟರಲ್ಲೇ ಅದು ಹೊರಹೋಗಬೇಕು. ಕೊಳಚೆ ಸೇರಿದ ಕೆರೆಯ ಕೆಸರು ವರ್ಷಗಟ್ಟಲೆ ಪಾಚಿಯನ್ನು ಸಾಕುವುದೂ ಇದೇ ಕಾರಣಕ್ಕೆ.

ಕಟ್ಟುವ ಕ್ರಮ

ತಳಕ್ಕೆ ಗೊಬ್ಬರ ಹಾಕದ ತೋಟದ ಮಣ್ಣು, ಜರಡಿ ಹಿಡಿದು ಬೇರು, ಎಲೆ ತೆಗೆದದ್ದು, 2.5 ಸೆಂ.ಮೀ. ಹಾಕುವ ಮುನ್ನ ಬಕೆಟ್ಟಿನಲ್ಲಿ ನೆನೆಹಾಕಿ, ಮರುದಿನ ನೀರು ಬಸಿದು, ಮತ್ತೆ ನೆನೆಹಾಕಿ. ಹೀಗೆ ನಾಲ್ಕೈದು ಸಲ ಮಾಡಿದರೆ ಮೊದಲ ವಾರಗಳಲ್ಲಿ ಮಣ್ಣು ಉಗುಳುವ ಅಮೋನಿಯಾ ಬಹಳಷ್ಟು ಕಡಿಮೆಯಾಗುತ್ತದೆ. ಅದರ ಮೇಲೆ 2ರಿಂದ 4 ಮಿ.ಮೀ. ಜಲ್ಲಿ, ಮತ್ತೆ 2.5 ಸೆಂ.ಮೀ. ಹಾಕಿ. ಜಲ್ಲಿಯ ಕಲ್ಲು ದೊಡ್ಡದಾದರೆ ಮಣ್ಣು ಸಂದಿಯಿಂದ ಮೇಲೆದ್ದು ನೀರು ಕದಡುತ್ತದೆ. ತೀರಾ ನುಣುಪಾದ ಮರಳನ್ನು ದಪ್ಪ ಹಾಸಿದರೆ ಕೆಳಗೆ ಗಾಳಿಯಾಡದೆ ಮಣ್ಣು ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆಯ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ, ಬೇರು ಸಾಯುತ್ತದೆ. ಮೊದಲ ದಿನವೇ ಗಿಡ ಒತ್ತಾಗಿ ನೆಡಬೇಕು. ನಾಲ್ಕು ಗಿಡ ನೆಟ್ಟು ಉಳಿದದ್ದು ಬೆಳೆಯಲಿ ಎಂದು ಕಾದರೆ ಆ ಜಾಗಕ್ಕೆ ಪಾಚಿ ಮೊದಲು ಬರುತ್ತದೆ. ದೀಪ ದಿನಕ್ಕೆ 8 ಗಂಟೆ, ಟೈಮರ್ ಮೇಲೆ.

ಫಿಲ್ಟರ್‌ಗೆ ಏರ್ ಪಂಪಿನಿಂದ ನಡೆಯುವ ಸ್ಪಾಂಜ್ ಫಿಲ್ಟರ್ ಸಾಕು. ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ಅಮೋನಿಯಾವನ್ನು ನೈಟ್ರೈಟ್ ಮಾಡುವ, ನೈಟ್ರೈಟನ್ನು ನೈಟ್ರೇಟ್ ಮಾಡುವ ಬ್ಯಾಕ್ಟೀರಿಯಾಗಳಿಗೆ ಅಂಟಿಕೊಳ್ಳಲು ಜಾಗ, ಉಸಿರಾಡಲು ಆಮ್ಲಜನಕ ಕೊಡುವುದೇ ದೊಡ್ಡದು. ಎರಡನೇ ಹಂತ ನೈಟ್ರೋಬ್ಯಾಕ್ಟರ್‌ದೆಂದು ಹಳೆಯ ಕೈಪಿಡಿಗಳು ಬರೆಯುತ್ತಿದ್ದವು. ಅಕ್ವೇರಿಯಂಗಳಲ್ಲಿ ಆ ಕೆಲಸ ಮುಖ್ಯವಾಗಿ ನೈಟ್ರೋಸ್ಪೈರಾದ್ದು. ಎರಡೂ ಹಂತಗಳನ್ನು ಒಂದೇ ಜೀವಕೋಶದಲ್ಲಿ ಮುಗಿಸುವ ನೈಟ್ರೋಸ್ಪೈರಾ ಇದೆಯೆಂದು 2015ರಲ್ಲಿ ಗೊತ್ತಾಯಿತು. ಇವೆಲ್ಲ ನಿಧಾನದ ಜೀವಿಗಳು, ಸಂಖ್ಯೆ ಇಮ್ಮಡಿಯಾಗಲು ಅರ್ಧ ದಿನವೋ ಒಂದು ದಿನವೋ ಬೇಕು. ಅದಕ್ಕೇ ಮೀನು ಬಿಡುವ ಮುನ್ನ ನಾಲ್ಕರಿಂದ ಆರು ವಾರ ಕಾಯುವುದು.

ಆ ವಾರಗಳಲ್ಲಿ ಬ್ಯಾಕ್ಟೀರಿಯಾಕ್ಕೆ ಮೀನಿನ ಬದಲು ನಾವೇ ಅಮೋನಿಯಾ ಕೊಡಬೇಕು. 100 ಲೀಟರಿಗೆ 0.63 ಗ್ರಾಂ ಶುದ್ಧ ಅಮೋನಿಯಂ ಕ್ಲೋರೈಡ್ ಕರಗಿಸಿದರೆ 2 ಪಿಪಿಎಂ (ಲೀಟರಿಗೆ 2 ಮಿಲಿಗ್ರಾಂ) ಅಮೋನಿಯಾ ಆಗುತ್ತದೆ. ಟೆಸ್ಟ್ ಕಿಟ್‌ನಲ್ಲಿ ಅಮೋನಿಯಾ ಇಳಿದಾಗ ಮತ್ತೆ ಅಷ್ಟೇ ಹಾಕಿ. ಮೊದಲು ಅಮೋನಿಯಾ ಇಳಿದು ನೈಟ್ರೈಟ್ ಏರುತ್ತದೆ, ಆಮೇಲೆ ನೈಟ್ರೈಟ್ ಇಳಿದು ನೈಟ್ರೇಟ್ ಏರುತ್ತದೆ. ಮಧ್ಯದಲ್ಲಿ ನೈಟ್ರೈಟ್ ದಿನಗಟ್ಟಲೆ ಮೇಲೇ ನಿಂತಿರುವಾಗ ಬಹಳ ಜನ ತಾಳ್ಮೆ ಕಳೆದುಕೊಂಡು ಮೀನು ಬಿಡುತ್ತಾರೆ. ನೈಟ್ರೈಟ್ ಮೀನಿನ ರಕ್ತದ ಹಿಮೋಗ್ಲೋಬಿನ್ನನ್ನು ಆಮ್ಲಜನಕ ಹೊರಲಾರದಂತೆ ಮಾಡುತ್ತದೆ. ನೀರಲ್ಲಿ ಗಾಳಿ ಸಾಕಷ್ಟಿದ್ದರೂ ಮೀನು ಮೇಲೆ ಬಂದು ಬಾಯಿ ತೆರೆಯುತ್ತದೆ. 2 ಪಿಪಿಎಂ ಅಮೋನಿಯಾ ಹಾಕಿ 24 ಗಂಟೆಯಲ್ಲಿ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಬಂದರೆ ಸಿದ್ಧ. ಅವಧಿ ಕಡಿಮೆ ಮಾಡಲು ನನಗೆ ಬಾಟಲಿಯಲ್ಲಿ ಬರುವ ಬ್ಯಾಕ್ಟೀರಿಯಾಕ್ಕಿಂತ ಆರೋಗ್ಯವಾಗಿರುವ ಹಳೇ ಟ್ಯಾಂಕಿನ ಸ್ಪಾಂಜ್ ತುಂಡಿನ ಮೇಲೆ ಹೆಚ್ಚು ನಂಬಿಕೆ. ಆ ಸ್ಪಾಂಜನ್ನು ತೊಳೆಯುವುದು ಟ್ಯಾಂಕಿನಿಂದ ತೆಗೆದ ನೀರಲ್ಲಿ ಮಾತ್ರ. ಕ್ಲೋರಿನ್ ಇರುವ ನಲ್ಲಿ ನೀರು ತಾಗಿದರೆ ವಾರಗಳ ಕೆಲಸ ನಿಮಿಷದಲ್ಲಿ ಹೋಗುತ್ತದೆ. ಕ್ಲೋರಿನ್ ಒಂದು ದಿನ ಗಾಳಿಯಾಡಿಸಿದರೆ ಹಾರಿಹೋಗುತ್ತದೆ. ಕ್ಲೋರಿನ್ ಜೊತೆ ಅಮೋನಿಯಾ ಸೇರಿದ ಕ್ಲೋರಮೈನ್ ಹಾಗಲ್ಲ, ಅದಕ್ಕೆ ಥಯೋಸಲ್ಫೇಟ್ ಇರುವ ದ್ರಾವಣವೇ ಬೇಕು.

ಗೊತ್ತಾಗದಂತೆ ಖಾಲಿಯಾಗುವುದು

ನೈಟ್ರೇಟ್ ಅಳೆಯುವವರೂ ಕ್ಷಾರತೆ, ಅಂದರೆ ಆಮ್ಲವನ್ನು ತಾಳಿಕೊಂಡು ಪಿಎಚ್ ಕುಸಿಯದಂತೆ ತಡೆಯುವ ನೀರಿನ ಶಕ್ತಿ, ಅಳೆಯುವುದಿಲ್ಲ. ಒಂದು ಮಿಲಿಗ್ರಾಂ ಅಮೋನಿಯಾ ಸಾರಜನಕ ನೈಟ್ರೇಟ್ ಆಗಲು 4.57 ಮಿಲಿಗ್ರಾಂ ಆಮ್ಲಜನಕವನ್ನೂ 7.14 ಮಿಲಿಗ್ರಾಂ ಕ್ಷಾರತೆಯನ್ನೂ (ಕ್ಯಾಲ್ಸಿಯಂ ಕಾರ್ಬೊನೇಟ್ ಲೆಕ್ಕದಲ್ಲಿ) ತಿನ್ನುತ್ತದೆ. ನಮ್ಮ 23 ಮಿಲಿಗ್ರಾಂಗೆ ದಿನಕ್ಕೆ 164 ಮಿಲಿಗ್ರಾಂ, ಅಂದರೆ ಲೀಟರಿಗೆ 1.6. ನೀರಿನ ಕ್ಷಾರತೆ ಲೀಟರಿಗೆ 50 ಮಿಲಿಗ್ರಾಂ ಇದ್ದು ನೀರು ಬದಲಿಸದೇ ಬಿಟ್ಟರೆ ಒಂದೇ ತಿಂಗಳಲ್ಲಿ ಬರಿದು. ಗಿಡಗಳು ನೈಟ್ರೇಟ್ ಹೀರುವಾಗ ಒಂದು ಪಾಲು ಮರಳಿ ಬರುತ್ತದೆ, ಪೂರ್ತಿ ಅಲ್ಲ.

ಕ್ಷಾರತೆ ಮುಗಿದ ಮೇಲೆ ಪಿಎಚ್ 6ರ ಕೆಳಗಿಳಿಯುತ್ತದೆ, ನೈಟ್ರೀಕರಣ ಬಹುತೇಕ ನಿಲ್ಲುತ್ತದೆ, ಅಮೋನಿಯಾ ಸೇರತೊಡಗುತ್ತದೆ. ಆದರೂ ಮೀನು ಸಾಯುವುದಿಲ್ಲ. ಆ ಪಿಎಚ್‌ನಲ್ಲಿ ಅದೆಲ್ಲ ಅಷ್ಟೇನೂ ವಿಷವಲ್ಲದ ಅಮೋನಿಯಂ ರೂಪದಲ್ಲಿರುತ್ತದೆ. 25 ಡಿಗ್ರಿಯಲ್ಲಿ ವಿಷಕಾರಿ ಅಮೋನಿಯಾದ ಪಾಲು ಪಿಎಚ್ 7ರಲ್ಲಿ ಶೇ. ಅರ್ಧದಷ್ಟು, 8ರಲ್ಲಿ ಶೇ. 5, 9ರಲ್ಲಿ ಶೇ. 36. ಈಗ ಯಾರೋ ಟ್ಯಾಂಕ್ ಕೊಳೆಯಾಗಿದೆಯೆಂದು ಪಿಎಚ್ 8ರ ಹೊಸ ನೀರನ್ನು ಮುಕ್ಕಾಲುಭಾಗ ತುಂಬುತ್ತಾರೆ. ಉಳಿದ ಕಾಲುಭಾಗದಲ್ಲಿದ್ದ ಅಮೋನಿಯಂ ಗಂಟೆಯೊಳಗೆ ವಿಷವಾಗುತ್ತದೆ. ನೀರು ಬದಲಿಸಿದ್ದೇ ತಪ್ಪಾಯಿತೆಂದು ಅವರು ತಿಳಿಯುತ್ತಾರೆ. ತಿಂಗಳುಗಟ್ಟಲೆ ಬದಲಿಸದೇ ಇದ್ದದ್ದು ಕಾರಣ. ಅಂಥ ಟ್ಯಾಂಕ್ ಸಿಕ್ಕರೆ ಮೊದಲು ಅಮೋನಿಯಾ ಅಳೆದು, ದಿನಕ್ಕೆ ಶೇ. 5 ಮಾತ್ರ ಬದಲಿಸುತ್ತ, ಆಹಾರ ನಿಲ್ಲಿಸಿ, ನಿಧಾನವಾಗಿ ಮೇಲೆತ್ತಬೇಕು.

ಆಮ್ಲಜನಕದ ವಿಷಯದಲ್ಲಿ ರಾತ್ರಿಯೇ ಪರೀಕ್ಷೆ. 20 ಡಿಗ್ರಿ ನೀರು ಲೀಟರಿಗೆ 9.1 ಮಿಲಿಗ್ರಾಂ ಹಿಡಿದರೆ 30 ಡಿಗ್ರಿ ನೀರು ಹಿಡಿಯುವುದು 7.5. ಸೆಕೆ ಏರಿದಂತೆ ಮೀನಿನ ಉಸಿರಾಟ ಹೆಚ್ಚುತ್ತದೆ, ನೀರಿನ ಶಕ್ತಿ ಕುಗ್ಗುತ್ತದೆ. ಕತ್ತಲಲ್ಲಿ ಗಿಡವೂ ಆಮ್ಲಜನಕವನ್ನೇ ತೆಗೆದುಕೊಳ್ಳುತ್ತದೆ, ಹಾಗಾಗಿ ಮೀಟರ್ ಹಿಡಿದು ಅಳೆಯುವುದಾದರೆ ದೀಪ ಹತ್ತುವ ಮುನ್ನ ಅಳೆಯಿರಿ. ಮಧ್ಯಾಹ್ನದ ಅಂಕಿ ನೋಡಿ ಸಮಾಧಾನಪಡಬೇಡಿ. ಏರ್ ಪಂಪನ್ನು ದೀಪ ಆರಿದಾಗ ನಿಲ್ಲಿಸುವ ಅಭ್ಯಾಸವಿದೆ ಹಲವರಿಗೆ, ಶಬ್ದ ಎಂದು. ನಿಲ್ಲಿಸಲೇಬೇಕಿದ್ದರೆ ಹಗಲಲ್ಲಿ ನಿಲ್ಲಿಸಿ. ಮುಚ್ಚಿದ ಡಬ್ಬಿಯ ಫಿಲ್ಟರ್ ಕೆಲವು ಗಂಟೆ ನಿಂತುಹೋದರೆ ಒಳಗಿನ ನೀರನ್ನು ಚೆಲ್ಲಿ ಆಮೇಲೆ ಶುರು ಮಾಡಿ. ಆಮ್ಲಜನಕ ಮುಗಿದು ಸತ್ತ ಬ್ಯಾಕ್ಟೀರಿಯಾದ ನೀರದು.

ಮುಚ್ಚಳ ಹಾಕಿದ ಜಾರ್

ಹೊರಹೋಗುವ ದಾರಿಯೇ ಇಲ್ಲದಿದ್ದರೆ ಏನಾಗುತ್ತದೆ ಎಂದು ನೋಡಲು 3 ಲೀಟರಿನ ಗಾಜಿನ ಜಾರ್ ಸಾಕು. ಕೊಳದ ಕೆಸರು 1.5 ಸೆಂ.ಮೀ., ಎಲೆಚೂರು ಹೆಕ್ಕಿ ತೆಗೆದದ್ದು. ಮೇಲೆ ತೊಳೆದ ಮರಳು 1 ಸೆಂ.ಮೀ. ಕೊಳದ ನೀರು, ಮೇಲೆ ಐದನೇ ಒಂದು ಭಾಗ ಗಾಳಿಗೆ ಬಿಟ್ಟು. ಹತ್ತು ಸೆಂ.ಮೀ. ಉದ್ದದ ಹಾರ್ನ್‌ವರ್ಟ್ ನಾಲ್ಕೈದು ಕಡ್ಡಿ, ಅರ್ಧ ಸೆಂ.ಮೀ. ಗಾತ್ರದ ಬಸವನಹುಳು ಎರಡು, ಅವುಗಳ ಚಿಪ್ಪಿಗೆ ಚಿಟಿಕೆ ಸುಣ್ಣಕಲ್ಲಿನ ಪುಡಿ. ಡಾಫ್ನಿಯಾ, ಸೈಕ್ಲಾಪ್ಸ್ ನೀರಿನ ಜೊತೆ ತಾವಾಗಿಯೇ ಬರುತ್ತವೆ. ಮೀನು ಬೇಡ. ಇಷ್ಟು ಚಿಕ್ಕ ಜಾಗದಲ್ಲಿ ಅದಕ್ಕೆ ಬೇಕಾದ ಊಟವನ್ನೂ ರಾತ್ರಿಯ ಆಮ್ಲಜನಕವನ್ನೂ ಗಿಡಗಳು ಕೊಡಲಾರವು. ನೇರ ಬಿಸಿಲು ಬೀಳದ, ಬೆಳಕು ಚೆನ್ನಾಗಿರುವ ಕಿಟಕಿಯ ಬಳಿ ಬಟ್ಟೆ ಕಟ್ಟಿ ಮೂರು ನಾಲ್ಕು ವಾರ ತೆರೆದೇ ಇಡಿ. ಸಾಯುವುದೆಲ್ಲ ಸತ್ತು, ನೀರು ತಿಳಿಯಾದ ಮೇಲೆ ಮುಚ್ಚಳ ಬಿಗಿ ಮಾಡಿ.

ಕೆಡುವ ಜಾರ್‌ಗಳಲ್ಲಿ ಹೆಚ್ಚಿನವು ಕೆಡುವುದು ಕೆಸರು ಹೆಚ್ಚಾಗಿ. ಸಾವಯವ ಮಣ್ಣಿನಲ್ಲಿರುವ ಬ್ಯಾಕ್ಟೀರಿಯಾ ಉಸಿರಾಡುವಷ್ಟು ಆಮ್ಲಜನಕವನ್ನು ಗಿಡ ತಯಾರಿಸಲಾರದು. ಅಮೆರಿಕದ ಅರಿಜೋನಾದಲ್ಲಿ 1991ರ ಸೆಪ್ಟೆಂಬರ್‌ನಲ್ಲಿ ಎಂಟು ಜನರನ್ನು ಎರಡು ವರ್ಷಕ್ಕೆಂದು ಒಳಗಿಟ್ಟು ಮುಚ್ಚಿದ ಬಯೋಸ್ಫಿಯರ್ 2 ಎಂಬ ಗಾಜಿನ ಕಟ್ಟಡದಲ್ಲಿ ನಡೆದದ್ದೂ ಇದೇ. ಬೆಳೆ ಚೆನ್ನಾಗಿ ಬರಲೆಂದು ಹಾಕಿದ್ದ ಸಾರವತ್ತಾದ ಮಣ್ಣು ಉಸಿರಾಡಿ ಉಸಿರಾಡಿ, ಶೇ. 20.9 ಇದ್ದ ಆಮ್ಲಜನಕ 1993ರ ಜನವರಿ ಹೊತ್ತಿಗೆ ಶೇ. 14ರ ಹತ್ತಿರಕ್ಕೆ ಬಂತು, ಹೊರಗಿನಿಂದ ತುಂಬಬೇಕಾಯಿತು. ಮಣ್ಣು ಬಿಟ್ಟ ಇಂಗಾಲದ ಡೈಆಕ್ಸೈಡ್ ಅಷ್ಟೇ ಏರಬೇಕಿತ್ತು, ಏರಲಿಲ್ಲ. ಅದನ್ನು ಕಟ್ಟಡದ ಕಾಂಕ್ರೀಟ್ ಹೀರಿ ಕ್ಯಾಲ್ಸಿಯಂ ಕಾರ್ಬೊನೇಟ್ ಮಾಡಿಕೊಂಡಿತ್ತು, ಹಾಗಾಗಿ ಗಿಡಗಳಿಗೆ ಮರಳಿ ಸಿಗಲಿಲ್ಲ.

ಜಾರ್‌ನಲ್ಲಿ ಆಮ್ಲಜನಕ ಅಳೆಯಲು ಉಪಕರಣ ಬೇಡ, ಬೆಳಿಗ್ಗೆ ಬಸವನಹುಳು ಎಲ್ಲಿದೆ ನೋಡಿದರಾಯಿತು. ಕೆಳಗೆ ಓಡಾಡಿಕೊಂಡಿದ್ದರೆ ಸರಿ. ದಿನವೂ ಬೆಳಿಗ್ಗೆ ಎರಡೂ ನೀರಿನ ಅಂಚಿನ ಮೇಲೆ ಅಂಟಿಕೊಂಡಿದ್ದು, ನೀರು ಹಾಲಿನಂತೆ ಮಬ್ಬಾಗಿದ್ದರೆ ಬೆಳಕು ಒಂದೆರಡು ಗಂಟೆ ಹೆಚ್ಚಿಸಿ. ವಾರ ಕಳೆದರೂ ಹಾಗೇ ಇದ್ದರೆ ಮುಚ್ಚಳ ತೆಗೆದು, ಕೊಳೆತ ಕಡ್ಡಿಗಳನ್ನು ಇಕ್ಕಳದಿಂದ ಹೆಕ್ಕಿ, ಅರ್ಧ ನೀರು ಬದಲಿಸಿ, ಇನ್ನೆರಡು ವಾರ ಬಟ್ಟೆ ಕಟ್ಟಿಡಿ.